ಹುಟ್ಟಿನಿಂದಲೇ ತೊಂದರೆ ಇರುವ ಮಗು: ಯಾವುದಕ್ಕೆ ಅವಸರ, ಯಾವುದಕ್ಕೆ ಕಾಯಬಹುದು

ಹೆರಿಗೆ ಕೋಣೆಯ ಹೊರಗೆ ನಿಂತವರು ಮೊದಲು ಕೇಳುವುದು ಗಂಡೋ ಹೆಣ್ಣೋ ಅಂತ. ಆಮೇಲೆ ತೂಕ ಎಷ್ಟು ಅಂತ. ‘ಮಗುವಿನ ತುಟಿ ಸೀಳಿದೆ’, ‘ಪಾದ ಒಳಗೆ ತಿರುಗಿದೆ’ ಎಂದು ನರ್ಸ್ ಹೇಳಿದರೆ ಮಾತು ಅಲ್ಲಿಗೇ ನಿಂತುಬಿಡುತ್ತದೆ. ನಿಜವಾಗಿ ಪ್ರಶ್ನೆ ಕೇಳಬೇಕಾದದ್ದು ಆವಾಗಲೇ.

ದಾವಣಗೆರೆ, ಚಿತ್ರದುರ್ಗ ಕಡೆಯ ಮನೆಗಳಲ್ಲಿ ಇಂಥ ಹೊತ್ತಿನಲ್ಲಿ ಕೇಳಿಬರುವ ಮಾತು ಒಂದಿದೆ: ‘ಬಾಣಂತನ ಮುಗೀಲಿ, ಆಮೇಲೆ ನೋಡೋಣ.’ ಹಸಿ ಬಾಣಂತಿಯನ್ನೂ ಎಳೆ ಕೂಸನ್ನೂ ಹೊರಗೆ ಓಡಾಡಿಸಬಾರದು ಎಂಬ ಕಾಳಜಿಯಿಂದಲೇ ಹಿರಿಯರು ಹಾಗೆ ಹೇಳುತ್ತಾರೆ. ಆದರೆ ಆ ಮೂರರಿಂದ ಐದು ತಿಂಗಳಲ್ಲಿ ಎಷ್ಟೋ ಮಕ್ಕಳ ಕಣ್ಣು ಉಳಿಸುವ ಅವಕಾಶ, ಕಾಲು ನೇರ ಮಾಡುವ ಅವಕಾಶ ಕೈತಪ್ಪುತ್ತದೆ. ಕೆಲವು ತೊಂದರೆಗಳಿಗೆ ಗಂಟೆಗಳ ಗಡುವು. ಕೆಲವಕ್ಕೆ ವಾರಗಳ ಗಡುವು. ಇನ್ನು ಕೆಲವಕ್ಕೆ ತಿಂಗಳುಗಟ್ಟಲೆ ನಿಶ್ಚಿಂತೆಯಿಂದ ಕಾಯಬಹುದು. ಯಾವುದು ಯಾವ ಗುಂಪಿಗೆ ಸೇರುತ್ತದೆ ಎಂದು ಮನೆಯವರಿಗೆ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ಗಂಭೀರ ಹುಟ್ಟುದೋಷ ಇರುವ 10 ಮಕ್ಕಳಲ್ಲಿ 9 ಮಕ್ಕಳು ಹುಟ್ಟುವುದು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 2.4 ಲಕ್ಷ ಕೂಸುಗಳು ಇದೇ ಕಾರಣಕ್ಕೆ 28 ದಿನ ತುಂಬುವ ಮೊದಲೇ ತೀರಿಕೊಳ್ಳುತ್ತವೆ. ತಾಯಿಗೆ ಸರಿಯಾದ ಊಟ ಇಲ್ಲ, ಸೋಂಕು ಜಾಸ್ತಿ, ತಪಾಸಣೆ ತಡ, ಆಸ್ಪತ್ರೆ ದೂರ. ಇವುಗಳಲ್ಲಿ ಯಾವುದೂ ಹಣೆಬರಹ ಅಲ್ಲ.

ಹೆಜ್ಜೆ 1: ಗರ್ಭ ನಿಲ್ಲುವ ಮೊದಲೇ ಶುರು ಮಾಡಿ

ಮಗುವಿನ ಮೆದುಳು ಮತ್ತು ಬೆನ್ನುಹುರಿ ಆಗಬೇಕಾದ ನರದ ಕೊಳವೆ ಗರ್ಭ ಕಟ್ಟಿದ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಆ ಹೊತ್ತಿಗೆ ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸುರಿ ಎಂದೇ ಗೊತ್ತಿರುವುದಿಲ್ಲ. ಅದು ಸರಿಯಾಗಿ ಮುಚ್ಚದಿದ್ದರೆ ಬೆನ್ನ ಮೇಲೆ ಗಡ್ಡೆ, ತಲೆಬುರುಡೆ ಬೆಳೆಯದಿರುವಂಥ ತೊಂದರೆಗಳು ಬರುತ್ತವೆ. ಇವುಗಳಲ್ಲಿ ಬಹುಪಾಲನ್ನು ತಡೆಯುವುದು ಫೋಲಿಕ್ ಆಮ್ಲದ ಪುಟ್ಟ ಮಾತ್ರೆ. ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ಮಗು ಬೇಕು ಎಂದುಕೊಂಡ ದಿನದಿಂದ ಶುರು ಮಾಡಿ ಬಸುರಿನ 12 ವಾರದ ತನಕ ತೆಗೆದುಕೊಳ್ಳಬೇಕು. ಮೂರನೇ ತಿಂಗಳಲ್ಲಿ ತಾಯಿ ಕಾರ್ಡ್ ಮಾಡಿಸಿ ಆಮೇಲೆ ಮಾತ್ರೆ ನುಂಗಿದರೆ ಈ ದೋಷವನ್ನು ತಡೆಯುವ ಸಮಯ ಮುಗಿದಿರುತ್ತದೆ. ಅದಕ್ಕೇ ಹೊಸದಾಗಿ ಮದುವೆಯಾದವರು ಈಗಲೇ ಆಶಾ ಕಾರ್ಯಕರ್ತೆಯನ್ನೋ ಪಿಎಚ್‌ಸಿಯನ್ನೋ ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ.

ಮೆಂತ್ಯ ಸೊಪ್ಪು, ಪಾಲಕ್, ಹೆಸರುಕಾಳು, ಅಲಸಂದೆ, ಚಳ್ಳಕೆರೆ ಸೀಮೆಯ ಶೇಂಗಾ ಎಲ್ಲದರಲ್ಲೂ ಈ ಸತ್ವ ಇದೆ. ಚೆನ್ನಾಗಿ ತಿನ್ನಿ. ಆದರೆ ಬೇಯಿಸುವಾಗ ಅದರಲ್ಲಿ ಒಂದು ಪಾಲು ಹೋಗುತ್ತದೆ, ಆದ್ದರಿಂದ ಊಟ ಮಾತ್ರೆಗೆ ಬದಲಿ ಆಗಲಾರದು. ಮೊಟ್ಟೆ, ಮಾಂಸ ಮುಟ್ಟದ ಮನೆಯವರು ಬಿ12 ಕೊರತೆ ಇದೆಯೇ ಎಂದು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ನ್ಯಾಯಬೆಲೆ ಅಂಗಡಿಯ ಅಕ್ಕಿಯಲ್ಲಿ ಸ್ವಲ್ಪ ಬೇರೆ ಬಣ್ಣದ, ನೀರಿಗೆ ಹಾಕಿದರೆ ತೇಲುವ ಕಾಳುಗಳು ಕಂಡರೆ ಅದನ್ನು ಪ್ಲಾಸ್ಟಿಕ್ ಅಕ್ಕಿ ಎಂದು ಆರಿಸಿ ಎಸೆಯಬೇಡಿ. ಅದು ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮಾಡಿದ ಕಾಳು.

ಸಕ್ಕರೆ ಕಾಯಿಲೆ ಇದ್ದರೆ ಗರ್ಭಕ್ಕೆ ಮೊದಲೇ ಹತೋಟಿಗೆ ತನ್ನಿ. ಫಿಟ್ಸ್‌ಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಗು ಬೇಕೆಂದಿರುವುದನ್ನು ಡಾಕ್ಟರಿಗೆ ಮುಂಚೆಯೇ ಹೇಳಿ. ವ್ಯಾಲ್‌ಪ್ರೊಯೇಟ್ ಎಂಬ ಮಾತ್ರೆ ಮಗುವಿಗೆ ಹಾನಿ ಮಾಡಬಲ್ಲದು, ಅದನ್ನು ಬದಲಾಯಿಸಬೇಕಾಗಬಹುದು. ಆದರೆ ನೀವಾಗಿಯೇ ನಿಲ್ಲಿಸಬೇಡಿ, ಫಿಟ್ಸ್ ಬಂದರೆ ತಾಯಿಗೂ ಮಗುವಿಗೂ ಅಪಾಯ. ರುಬೆಲ್ಲಾ ಲಸಿಕೆ ಆಗಿಲ್ಲದಿದ್ದರೆ ಗರ್ಭಕ್ಕೆ ಕನಿಷ್ಠ ಒಂದು ತಿಂಗಳು ಮೊದಲು ಹಾಕಿಸಿಕೊಳ್ಳಿ. ಬಸುರಿನ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಬಂದರೆ ಮಗುವಿನ ಕಣ್ಣು, ಕಿವಿ, ಹೃದಯ ಮೂರಕ್ಕೂ ಪೆಟ್ಟು ಬೀಳಬಹುದು. ಬಸುರಿಯಾದ ಮೇಲೆ ಈ ಲಸಿಕೆ ಹಾಕುವುದಿಲ್ಲ.

ಈಗ ಸಂಬಂಧದ ಮದುವೆಯ ವಿಷಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಸುಮಾರು 27% ಮದುವೆಗಳು ರಕ್ತಸಂಬಂಧದಲ್ಲೇ ಆಗಿವೆ. ಹೊರಗಿನ ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ನೂರಕ್ಕೆ ಎರಡು ಮೂರು ಮಕ್ಕಳಿಗೆ ಹುಟ್ಟುದೋಷ ಇದ್ದರೆ, ಅತ್ತೆ ಮಗ, ಮಾವನ ಮಗಳ ಮದುವೆಯಲ್ಲಿ ಅದು ಹೆಚ್ಚುಕಡಿಮೆ ದುಪ್ಪಟ್ಟು. ಸೋದರಮಾವ, ಅಕ್ಕನ ಮಗಳ ಮದುವೆಯಲ್ಲಿ ಇನ್ನೂ ಜಾಸ್ತಿ. ಹಾಗಂತ ಆಗಿಹೋದ ಮದುವೆಯವರು ಭಯಪಡಬೇಕಿಲ್ಲ, ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತವೆ. ಆದರೆ ಮನೆತನದಲ್ಲಿ ಮೊದಲೇ ಕಿವುಡು, ಬುದ್ಧಿಮಾಂದ್ಯ, ಕಾರಣ ತಿಳಿಯದೆ ತೀರಿಕೊಂಡ ಕೂಸುಗಳು ಇದ್ದರೆ ಮುಂದಿನ ಸಂಬಂಧ ನೋಡುವಾಗ ಅದನ್ನು ಬಾಯಿಬಿಟ್ಟು ಮಾತಾಡಿ. ಆಸ್ತಿ ಹೊರಗೆ ಹೋಗಬಾರದು ಎಂಬ ಲೆಕ್ಕಕ್ಕಿಂತ ಇದು ದೊಡ್ಡ ವಿಷಯ.

ಹೆಜ್ಜೆ 2: ಬಸುರಿನಲ್ಲಿ ಸ್ಕ್ಯಾನಿಂಗ್ ತಪ್ಪಿಸಬೇಡಿ, ಕಂಡ ಔಷಧಿ ಕುಡಿಯಬೇಡಿ

18ರಿಂದ 20 ವಾರದ ನಡುವಿನ ಸ್ಕ್ಯಾನಿಂಗ್ ಬಹಳ ಮುಖ್ಯ. ಮಗುವಿನ ಅಂಗಾಂಗಗಳನ್ನು ಒಂದೊಂದಾಗಿ ನೋಡುವುದು ಅದರಲ್ಲೇ. ಕಳೆ ತೆಗೆಯುವ ಕೆಲಸ ಇದೆ, ಹಬ್ಬ ಇದೆ ಎಂದು ಏಳನೇ ತಿಂಗಳಿಗೆ ಹೋದರೆ ದೋಷ ಕಂಡರೂ ಮುಂದೇನು ಎಂದು ನಿರ್ಧರಿಸುವ ಸಮಯ ದಾಟಿರುತ್ತದೆ. 2021ರ ತಿದ್ದುಪಡಿಯ ನಂತರ, ಮಗುವಿನಲ್ಲಿ ತೀರಾ ಗಂಭೀರ ದೋಷ ಇದೆ ಎಂದು ವೈದ್ಯಕೀಯ ಮಂಡಳಿ ಹೇಳಿದರೆ 24 ವಾರ ದಾಟಿದ ಮೇಲೂ ಗರ್ಭಪಾತಕ್ಕೆ ಕಾನೂನಿನಲ್ಲಿ ಅವಕಾಶ ಇದೆ. ಆ ನಿರ್ಧಾರ ತಾಯಿಯದ್ದು. ಯಾರೂ ಅವಸರಪಡಿಸಬಾರದು, ಅಡ್ಡಿಯೂ ಮಾಡಬಾರದು. ಸ್ಕ್ಯಾನಿಂಗ್‌ನಲ್ಲಿ ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ ಅಪರಾಧ.

ಇನ್ನೊಂದು ಮಾತು ಕಟ್ಟುನಿಟ್ಟಾಗಿ ಹೇಳಬೇಕು. ಗಂಡು ಮಗು ಆಗಲಿ ಎಂದು ಮೊದಲ ತಿಂಗಳುಗಳಲ್ಲಿ ಕೊಡುವ ಬೇರು, ಪುಡಿ, ಗುಳಿಗೆ ಯಾರೇ ಕೊಟ್ಟರೂ ಬಾಯಿಗೆ ಹಾಕಬೇಡಿ. ಮಗು ಗಂಡೋ ಹೆಣ್ಣೋ ಎಂಬುದು ಗರ್ಭ ಕಟ್ಟಿದ ಕ್ಷಣದಲ್ಲೇ ತೀರ್ಮಾನ ಆಗಿರುತ್ತದೆ. ಇಂಥ ಔಷಧಿ ತೆಗೆದುಕೊಂಡ ತಾಯಂದಿರ ಮಕ್ಕಳಲ್ಲಿ ಹುಟ್ಟುದೋಷ ಜಾಸ್ತಿ ಎಂದು ಹರಿಯಾಣದಲ್ಲಿ ನಡೆದ ಅಧ್ಯಯನದಲ್ಲಿ ಕಂಡುಬಂದಿದೆ. ಹೊಗೆಸೊಪ್ಪು, ಗುಟ್ಕಾ, ಹೆಂಡ ಬೇಡ. ಗದ್ದೆ ತೋಟಕ್ಕೆ ಔಷಧಿ ಹೊಡೆಯುವ ದಿನ ಬಸುರಿ ಆ ಕಡೆ ಹೋಗದಿರಲಿ.

ಹೆಜ್ಜೆ 3: ಡಿಸ್ಚಾರ್ಜ್ ಆಗುವ ಮೊದಲು ಮಗುವನ್ನು ಬಟ್ಟೆ ಬಿಚ್ಚಿ ನೋಡಿ

ಆಸ್ಪತ್ರೆಯವರು ನೋಡಿರುತ್ತಾರೆ, ನಿಜ. ಆದರೂ ‘ನಮ್ಮ ಎದುರಿಗೆ ಒಮ್ಮೆ ತಲೆಯಿಂದ ಕಾಲಿನವರೆಗೆ ನೋಡಿ ಹೇಳಿ ಮೇಡಂ’ ಎಂದು ಕೇಳುವ ಹಕ್ಕು ನಿಮಗಿದೆ. ಬೆಳಕಿರುವ ಜಾಗ ಇರಲಿ, ಮಗುವಿಗೆ ಚಳಿ ಆಗದಿರಲಿ.

ತಲೆಯಿಂದ ಶುರು ಮಾಡಿ. ತಲೆ ತೀರಾ ದೊಡ್ಡದೋ ಚಿಕ್ಕದೋ? ಕಣ್ಣಿನ ಕಪ್ಪು ಗುಡ್ಡೆಯ ನಡುವೆ ಬಿಳಿ ಕಾಣುತ್ತದೆಯೇ? ತುಟಿ ಸರಿ ಇದ್ದರೂ ಬಾಯೊಳಗೆ ಟಾರ್ಚ್ ಬಿಟ್ಟು ಅಂಗಳ ನೋಡಬೇಕು. ಅಂಗಳ ಮಾತ್ರ ಸೀಳಿರುವ ಮಕ್ಕಳು ಹಾಲು ಕುಡಿದರೆ ಮೂಗಿನಿಂದ ಬರುತ್ತದೆ, ತೂಕ ಏರುವುದಿಲ್ಲ, ತಾಯಿಗೆ ಹಾಲಿಲ್ಲ ಎಂದು ಎಲ್ಲರೂ ಅವಳನ್ನೇ ದೂರುತ್ತಾರೆ.

ನಂತರ ಬೆನ್ನು. ಮಗುವನ್ನು ಮಗುಚಿ ಕತ್ತಿನಿಂದ ಸೊಂಟದ ಕೆಳಗಿನ ತನಕ ನೋಡಿ. ಗಡ್ಡೆ, ಗುಳಿ, ಒಂದೇ ಕಡೆ ಕೂದಲ ಗುಚ್ಛ ಇದ್ದರೆ ಡಾಕ್ಟರಿಗೆ ತೋರಿಸಿ. ಮಲದ್ವಾರ ಇದೆಯೇ, ಸರಿಯಾದ ಜಾಗದಲ್ಲಿದೆಯೇ ನೋಡಿ. ಮೊದಲ ಕಪ್ಪು ಮಲ 24 ಗಂಟೆಯೊಳಗೆ ಆಗಬೇಕು. ಗಂಡು ಕೂಸಾದರೆ ಎರಡೂ ಬೀಜ ಚೀಲಕ್ಕೆ ಇಳಿದಿವೆಯೇ, ಮೂತ್ರದ ರಂಧ್ರ ತುದಿಯಲ್ಲೇ ಇದೆಯೇ ಗಮನಿಸಿ. ರಂಧ್ರ ಕೆಳಭಾಗದಲ್ಲಿದ್ದರೆ ಆಪರೇಷನ್ ಆಗುವ ತನಕ ಸುನ್ನತ್ ಮಾಡಿಸಲೇಬಾರದು. ರಂಧ್ರ ಸರಿಪಡಿಸುವುದಕ್ಕೆ ಆ ಮುಂದೊಗಲೇ ಬೇಕಾಗುತ್ತದೆ. ಮುಸ್ಲಿಂ ಮನೆಯವರು ಇದನ್ನು ಹಿರಿಯರಿಗೆ ಮೊದಲೇ ಹೇಳಿಡಿ. ಕೊನೆಗೆ ಪಾದ ಮತ್ತು ಸೊಂಟದ ಕೀಲು. ಕಾಲು ಮುಂದಾಗಿ ಹುಟ್ಟಿದ ಹೆಣ್ಣು ಕೂಸುಗಳಲ್ಲಿ ಸೊಂಟದ ಕೀಲು ಜಾರಿರುವ ಸಾಧ್ಯತೆ ಜಾಸ್ತಿ. ಇಂಥ ಕೂಸಿನ ಕಾಲುಗಳನ್ನು ನೀಟಾಗಿ ಜೋಡಿಸಿ ಬಿಗಿಯಾಗಿ ಬಟ್ಟೆ ಸುತ್ತಬೇಡಿ.

ಕಣ್ಣಿಗೆ ಕಾಣದ ಮೂರು ಸಂಗತಿಗಳಿವೆ. ಮೊದಲನೆಯದು ಹೃದಯ. ಸುಮಾರು ನೂರು ಮಕ್ಕಳಲ್ಲಿ ಒಂದಕ್ಕೆ ಹೃದಯದ ದೋಷ ಇರುತ್ತದೆ. ಕೋವಿಡ್ ಕಾಲದಲ್ಲಿ ಬೆರಳಿಗೆ ಹಾಕುತ್ತಿದ್ದರಲ್ಲ, ಅಂಥದ್ದೇ ಆಕ್ಸಿಜನ್ ನೋಡುವ ಯಂತ್ರವನ್ನು ಹುಟ್ಟಿದ 24 ಗಂಟೆಯ ನಂತರ ಮಗುವಿನ ಬಲಗೈಗೂ ಒಂದು ಪಾದಕ್ಕೂ ಹಾಕಿ ನೋಡುತ್ತಾರೆ. 90ಕ್ಕಿಂತ ಕಡಿಮೆ ಬಂದರೆ ತಕ್ಷಣ ಹೃದಯ ಪರೀಕ್ಷೆ ಆಗಬೇಕು. ಎರಡನೆಯದು ಕಿವಿ. ಮೂರನೆಯದು ಥೈರಾಯ್ಡ್, ಇದಕ್ಕೆ ಹಿಮ್ಮಡಿಯಿಂದ ಕೆಲವು ಹನಿ ರಕ್ತ ಸಾಕು. ಈ ಮೂರೂ ನಮ್ಮ ಮಗುವಿಗೆ ಆಗಿದೆಯೇ, ಆಗಿರದಿದ್ದರೆ ಎಲ್ಲಿ ಮಾಡುತ್ತಾರೆ ಎಂದು ಹೆಸರು ಹಿಡಿದು ಕೇಳಿ. ಕೇಳದಿದ್ದರೆ ಎಷ್ಟೋ ಕಡೆ ಸುಮ್ನೆ ಬಿಟ್ಟುಹೋಗುತ್ತದೆ.

ಹೆಜ್ಜೆ 4: ಗಡುವು ನೋಡಿ ಹೊರಡಿ

ಗಂಟೆಗಳ ಲೆಕ್ಕ ಇರುವವು ಇವು. ಮಗು ಹಸಿರು ಬಣ್ಣದ ವಾಂತಿ ಮಾಡುತ್ತಿದೆ. ಬಾಯಲ್ಲಿ ನೊರೆ ನಿಲ್ಲುತ್ತಿಲ್ಲ, ಕುಡಿದರೆ ಉಸಿರು ಕಟ್ಟುತ್ತದೆ. ಮಲದ್ವಾರ ಇಲ್ಲ. ಬೆನ್ನಿನ ಗಡ್ಡೆ ಒಡೆದಿದೆ ಅಥವಾ ಚರ್ಮ ಇಲ್ಲ. ಕರುಳು ಹೊರಗಿದೆ. ನಾಲಿಗೆ, ತುಟಿ ನೀಲಿಯಾಗಿದೆ. ಇಂಥದ್ದಕ್ಕೆ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಹಸಿರು ವಾಂತಿ ಅಥವಾ ನೊರೆ ಇದ್ದರೆ ದಾರಿಯಲ್ಲಿ ಹಾಲು, ಜೇನು, ನೀರು ಏನೂ ಹಾಕಬೇಡಿ. ಬೆನ್ನಿನ ಗಡ್ಡೆಗೆ ಅರಿಶಿನ, ಬೂದಿ ಹಚ್ಚಬೇಡಿ. ನರ್ಸ್ ಹತ್ತಿರ ಸಲೈನ್‌ನಲ್ಲಿ ನೆನೆಸಿದ ಶುದ್ಧ ಬಟ್ಟೆ ಹೊದಿಸಿಕೊಂಡು ಮಗುವನ್ನು ಬೋರಲಾಗಿ ಅಥವಾ ಮಗ್ಗುಲಾಗಿ ಮಲಗಿಸಿ. ಮೊಣಕಾಲ್ಮೂರಿನಿಂದಲೋ ಜಗಳೂರಿನಿಂದಲೋ ಹೊರಟ ಕೂಸಿಗೆ ದಾರಿಯ ಚಳಿಯೇ ದೊಡ್ಡ ಶತ್ರು. ಬೆನ್ನು, ಹೊಟ್ಟೆಯಲ್ಲಿ ತೆರೆದ ಗಾಯ ಇಲ್ಲದ ಮಗುವನ್ನು ತಾಯಿಯ ಅಥವಾ ಅಜ್ಜಿಯ ಎದೆಗೆ ಮೈಗೆ ಮೈ ತಾಗಿಸಿ ಕಟ್ಟಿಕೊಂಡು ಒಯ್ಯಿರಿ.

ವಾರಗಳ ಗಡುವಿನವು ಹೆಚ್ಚು ಮೋಸ ಮಾಡುತ್ತವೆ. ಮಗು ನೋಡಲು ಚೆನ್ನಾಗಿಯೇ ಇರುತ್ತದೆ, ಯಾರಿಗೂ ಅವಸರ ಅನಿಸುವುದಿಲ್ಲ. ಥೈರಾಯ್ಡ್ ಕೊರತೆಗೆ ಎರಡು ವಾರದೊಳಗೆ ಮಾತ್ರೆ ಶುರುವಾದರೆ ಬುದ್ಧಿ ಎಲ್ಲರಂತೆ ಬೆಳೆಯುತ್ತದೆ. ತಡವಾದರೆ ಹೋದ ಬುದ್ಧಿಯನ್ನು ಪೂರ್ತಿ ತರಲು ಆಗದು. ಮಾತ್ರೆಯ ಬೆಲೆ ತೀರಾ ಕಡಿಮೆ. ಕಣ್ಣಿನ ಪೊರೆಗೆ ಆರರಿಂದ ಎಂಟು ವಾರದೊಳಗೆ ಆಪರೇಷನ್ ಆಗಬೇಕು, ಇಲ್ಲದಿದ್ದರೆ ಆಮೇಲೆ ಪೊರೆ ತೆಗೆದರೂ ಮೆದುಳು ನೋಡುವುದನ್ನು ಕಲಿಯುವುದಿಲ್ಲ. ದಿನ ತುಂಬದೆ 34 ವಾರದ ಮೊದಲು ಹುಟ್ಟಿದ ಅಥವಾ 2 ಕೆ.ಜಿ.ಗಿಂತ ಕಡಿಮೆ ತೂಕದ ಮಗುವಿಗೆ 30 ದಿನದೊಳಗೆ ಕಣ್ಣಿನ ಹಿಂಪರದೆಯ ಪರೀಕ್ಷೆ ಮಾಡಿಸಿ. ಕಿವಿ ಪರೀಕ್ಷೆ ಒಂದು ತಿಂಗಳೊಳಗೆ, ಅನುಮಾನ ಬಂದರೆ ಮೂರು ತಿಂಗಳೊಳಗೆ ಖಚಿತ ಮಾಡಿಕೊಂಡು ಆರು ತಿಂಗಳೊಳಗೆ ಯಂತ್ರ ಹಾಕಿಸಬೇಕು.

ಇಲ್ಲಿ ಕಾಮಾಲೆಯ ಬಗ್ಗೆ ಹೇಳಲೇಬೇಕು. ಎರಡು ವಾರ ದಾಟಿದರೂ ಮಗುವಿನ ಕಣ್ಣು ಹಳದಿ, ಮಲ ಮಾತ್ರ ಸುಣ್ಣದಂತೆ ಬಿಳಿ ಅಥವಾ ಬೂದು ಬಣ್ಣ. ಇದು ಪಿತ್ತನಾಳ ಮುಚ್ಚಿರುವ ಲಕ್ಷಣ ಇರಬಹುದು. ಅದಕ್ಕೆ 60 ದಿನದೊಳಗೆ ಆಪರೇಷನ್ ಆದರೆ ಮಗು ಬದುಕುವ ಅವಕಾಶ ಜಾಸ್ತಿ. ಕತ್ತಲೆ ಬಾಣಂತಿ ಕೋಣೆಯಲ್ಲಿ ಹಳದಿ ಕಾಣುವುದಿಲ್ಲ. ಕಂಡರೂ ನಾಟಿ ಔಷಧಿಯಲ್ಲಿ ಒಂದು ತಿಂಗಳು ಕಳೆದುಹೋಗುತ್ತದೆ. ದಿನಕ್ಕೊಮ್ಮೆ ಮಗುವನ್ನು ಕಿಟಕಿ ಬೆಳಕಿಗೆ ತಂದು ನೋಡಿ, ಮಲದ ಬಣ್ಣ ನೋಡಿ. ಎಣ್ಣೆ ಹಚ್ಚಿ ನೀರು ಹಾಕುವ ಅಜ್ಜಿಗೆ ಈ ಕೆಲಸ ಒಪ್ಪಿಸಿದರೆ ಯಾವ ಡಾಕ್ಟರಿಗಿಂತಲೂ ಮೊದಲು ಅವರೇ ಕಂಡುಹಿಡಿಯುತ್ತಾರೆ.

ತಿರುಗಿದ ಪಾದಕ್ಕೆ ಮೊದಲ ಒಂದೆರಡು ವಾರದಲ್ಲೇ ಪೊನ್ಸೆಟಿ ವಿಧಾನದ ಪ್ಲಾಸ್ಟರ್ ಪಟ್ಟಿ ಶುರು ಮಾಡುವುದು ಒಳ್ಳೆಯದು. ವಾರಕ್ಕೊಮ್ಮೆ ಹಳೇ ಪಟ್ಟಿ ಬಿಚ್ಚಿ ಪಾದವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಹೊಸದು ಹಾಕುತ್ತಾರೆ. ಸಾಮಾನ್ಯವಾಗಿ ಐದರಿಂದ ಏಳು ಪಟ್ಟಿ ಸಾಕು. ನಂತರ ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಸ್ನಾಯುರಜ್ಜಿಗೆ (ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿಗೆ) ಒಂದು ಸಣ್ಣ ಕೊಯ್ತ. ಪಾದ ನೇರ ಆಯಿತು ಎಂದು ಇಲ್ಲಿಗೇ ಬಿಡುವವರು ಬಹಳ. ಕಷ್ಟದ ಭಾಗ ಇರುವುದೇ ಇದರ ನಂತರ: ಸಲಾಕೆ ಜೋಡಿಸಿದ ಬೂಟನ್ನು ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ನಾಲ್ಕೈದು ವರ್ಷದ ತನಕ ಮಲಗುವಾಗ ಹಾಕಬೇಕು. ಮಗು ಅಳುತ್ತದೆ ಎಂದು ಬಿಚ್ಚಿಟ್ಟರೆ ಪಾದ ಮತ್ತೆ ತಿರುಗುತ್ತದೆ. ಬೂಟು ಬಿಟ್ಟಿದ್ದರಿಂದಲೇ ಮತ್ತೆ ಪಟ್ಟಿಗೆ ಬರುವ ಮಕ್ಕಳೇ ಜಾಸ್ತಿ. ವಾರ ವಾರ ಓಡಾಡುವುದೆಂದರೆ ಅಪ್ಪನ ಒಂದು ದಿನದ ಕೂಲಿ ಹೋದಂತೆ. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ ಇರುವುದರಿಂದ ಅಮ್ಮ, ಅಜ್ಜಿ ಜೊತೆಯಾಗಿ ಹೋಗಿಬರಬಹುದು.

ತಿಂಗಳುಗಟ್ಟಲೆ ಕಾಯಬಹುದಾದವೂ ಇವೆ. ಸೀಳು ತುಟಿಗೆ ಮೂರರಿಂದ ಆರು ತಿಂಗಳಲ್ಲಿ, ಸೀಳು ಅಂಗಳಕ್ಕೆ 9ರಿಂದ 18 ತಿಂಗಳಲ್ಲಿ ಆಪರೇಷನ್. ಇಳಿಯದ ಬೀಜಕ್ಕೆ ಆರು ತಿಂಗಳು ಕಾದು, 18 ತಿಂಗಳೊಳಗೆ. ಹೃದಯದ ಸಣ್ಣ ರಂಧ್ರಗಳು ಎಷ್ಟೋ ತಾವಾಗಿಯೇ ಮುಚ್ಚುತ್ತವೆ, ಆದರೆ ಹಾಲು ಕುಡಿಯುವಾಗ ಹಣೆ ಬೆವರುವುದು, ಏದುಸಿರು, ತೂಕ ಏರದಿರುವುದು ಕಂಡರೆ ಕಾಯುವಂತಿಲ್ಲ. ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ನಿಧಾನವಾಗುವ ಸ್ಥಿತಿ) ಇರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಹೃದಯದ ತೊಂದರೆಯೂ ಇರುವುದರಿಂದ ಎಲ್ಲರಿಗೂ ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್, ಮಾಡಿಸಲೇಬೇಕು. ಕಾಯುವ ಗುಂಪಿನ ಮಗುವನ್ನೂ ಮೊದಲ ವಾರದಲ್ಲೇ ಒಮ್ಮೆ ತಜ್ಞರಿಗೆ ತೋರಿಸಿ ದಿನಾಂಕ ಬರೆಸಿಕೊಳ್ಳಿ.

ಹೆಜ್ಜೆ 5: ಎಲ್ಲಿಗೆ ಹೋಗಬೇಕು, ಏನು ಒಯ್ಯಬೇಕು

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇಂಥ ಮಕ್ಕಳಿಗೇ ಇರುವುದು. ಜನ ಅದನ್ನು ಆರ್‌ಬಿಎಸ್‌ಕೆ ಎನ್ನುತ್ತಾರೆ. ಹುಟ್ಟಿನಿಂದ 18 ವರ್ಷದ ತನಕ ತಪಾಸಣೆ, ಚಿಕಿತ್ಸೆ, ಬೇಕಾದರೆ ಆಪರೇಷನ್ ಉಚಿತ. ಇದರ ಡಾಕ್ಟರ ತಂಡ ವರ್ಷಕ್ಕೆರಡು ಸಲ ಅಂಗನವಾಡಿಗೆ ಬರುತ್ತದೆ. ಆದರೆ ಕೂಸಿಗೆ ಅಲ್ಲಿಯ ತನಕ ಕಾಯಬೇಡಿ. ದಾವಣಗೆರೆಯವರು ಚಿಗಟೇರಿ ಜಿಲ್ಲಾಸ್ಪತ್ರೆಗೆ, ಚಿತ್ರದುರ್ಗದವರು ಅಲ್ಲಿನ ಜಿಲ್ಲಾಸ್ಪತ್ರೆಗೆ ಹೋಗಿ ಮಕ್ಕಳ ವಿಭಾಗದಲ್ಲಿ ‘ಆರ್‌ಬಿಎಸ್‌ಕೆಯವರು ಯಾರು, ಡಿಇಐಸಿ ಎಲ್ಲಿ’ ಎಂದು ಕೇಳಿ. ಡಿಇಐಸಿ ಅಂದರೆ ಇಂಥ ಮಕ್ಕಳನ್ನು ಬೇಗ ಪರೀಕ್ಷಿಸಿ ಚಿಕಿತ್ಸೆ ಶುರು ಮಾಡುವ ಜಿಲ್ಲಾ ಕೇಂದ್ರ.

ದೊಡ್ಡ ಆಪರೇಷನ್‌ಗೆ ಬೆಂಗಳೂರಿಗೆ ಕಳಿಸಬಹುದು. ಹೃದಯಕ್ಕೆ ಜಯದೇವ, ಮಕ್ಕಳ ಇತರ ತೊಂದರೆಗಳಿಗೆ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಕಣ್ಣಿಗೆ ಮಿಂಟೋ ಇವೆ. ಕಿವಿ, ಮಾತಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ. ಮುಂದಿನ ತರಬೇತಿ, ಸಾಧನ ಸಲಕರಣೆಗಳಿಗೆ ದಾವಣಗೆರೆಯಲ್ಲೇ ಅಂಗವಿಕಲರಿಗಾಗಿ ಕೇಂದ್ರ ಸರ್ಕಾರದ ಸಿಆರ್‌ಸಿ ಇದೆ. ಖರ್ಚಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಅವಕಾಶ ಇದೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಅದಿಲ್ಲದೆ ನೇರ ಖಾಸಗಿ ಆಸ್ಪತ್ರೆಗೆ ಹೋಗಿ ಸಾಲ ಮಾಡಿಕೊಂಡ ಕುಟುಂಬಗಳನ್ನು ನೋಡಿದರೆ ಸಂಕಟ ಆಗುತ್ತದೆ.

ತಾಯಿ ಕಾರ್ಡ್, ಡಿಸ್ಚಾರ್ಜ್ ಚೀಟಿ, ಜನನ ಪ್ರಮಾಣಪತ್ರ, ರೇಷನ್ ಕಾರ್ಡ್, ಅಪ್ಪ ಅಮ್ಮನ ಆಧಾರ್, ಎಲ್ಲಾ ಸ್ಕ್ಯಾನಿಂಗ್ ರಿಪೋರ್ಟ್ ಒಂದೇ ಚೀಲದಲ್ಲಿರಲಿ. ಎಲ್ಲದಕ್ಕೂ ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ.

ನಮ್ಮ ಕಡೆ ವ್ಯವಸ್ಥೆ ತಪ್ಪುವುದು ಹೆಚ್ಚಾಗಿ ಒಂದು ಜಾಗದಲ್ಲಿ. ಹುಡುಗಿಯ ಗಂಡನ ಮನೆ ಹೊಸದುರ್ಗದ ಕಡೆ, ತವರು ಚನ್ನಗಿರಿ ಕಡೆ. ಹೆಸರು ಇರುವುದು ಅಲ್ಲಿನ ಆಶಾ ಪಟ್ಟಿಯಲ್ಲಿ, ಮಗು ಇರುವುದು ಇಲ್ಲಿ. ಮೂರು, ಏಳು, 14, 21, 28, 42ನೇ ದಿನ ಆಶಾ ಮನೆಗೆ ಬಂದು ಮಗುವನ್ನು ನೋಡಬೇಕು. ಅಲ್ಲಿಯವರು ‘ತವರಿಗೆ ಹೋಗಿದ್ದಾಳೆ’ ಎಂದು ಬರೆದುಕೊಳ್ಳುತ್ತಾರೆ, ಇಲ್ಲಿಯವರಿಗೆ ಮಗು ಬಂದಿರುವುದೇ ಗೊತ್ತಿರುವುದಿಲ್ಲ. ಆದ್ದರಿಂದ ತವರಿಗೆ ಹೊರಡುವ ಮೊದಲೇ ಎರಡೂ ಊರಿನ ಆಶಾ ಅಕ್ಕಂದಿರನ್ನು ಫೋನಿನಲ್ಲಿ ಮಾತಾಡಿಸಿ.

ಹೆಜ್ಜೆ 6: ಮನೆಯಲ್ಲಿ

ಗ್ರಹಣದ ದಿನ ಹೊರಗೆ ಬಂದಿದ್ದಕ್ಕೇ ತುಟಿ ಸೀಳಿತು ಎನ್ನುವವರು ಇದ್ದೇ ಇರುತ್ತಾರೆ. ತುಟಿ ಕೂಡಿಕೊಳ್ಳುವುದು ಬಸುರಿನ ಎರಡನೇ ತಿಂಗಳ ಆಸುಪಾಸಿನಲ್ಲಿ, ಗ್ರಹಣಕ್ಕೂ ಅದಕ್ಕೂ ಸಂಬಂಧ ಇಲ್ಲ. ಅತ್ತೆ ಮಾವಂದಿರಿಗೆ ಈ ಮಾತನ್ನು ಸೊಸೆ ಹೇಳಲಾರಳು. ಗಂಡ ಹೇಳಬೇಕು, ಎಲ್ಲರ ಎದುರಿಗೆ ಹೇಳಬೇಕು. ಹೊಟ್ಟೆ ಉಬ್ಬರ, ಫಿಟ್ಸ್ ಎಂದು ಕೂಸಿಗೆ ಬರೆ ಹಾಕಿಸುವುದು ಬೇಡವೇ ಬೇಡ. ಆ ಸುಟ್ಟ ಗಾಯ ನಂಜಾಗಿ ಮಗುವಿನ ಜೀವವನ್ನೇ ತೆಗೆಯಬಲ್ಲದು.

ಸೀಳು ತುಟಿ, ಸೀಳು ಅಂಗಳದ ಮಗುವನ್ನು ಮಲಗಿಸಿ ಕುಡಿಸಬೇಡಿ, ನೆಟ್ಟಗೆ ಕೂರಿಸಿದಂತೆ ಹಿಡಿದುಕೊಳ್ಳಿ. ತುಟಿ ಮಾತ್ರ ಸೀಳಿದ್ದರೆ ಎಷ್ಟೋ ಮಕ್ಕಳು ಎದೆಹಾಲನ್ನೇ ಕುಡಿಯುತ್ತವೆ. ಅಂಗಳವೂ ಸೀಳಿದ್ದರೆ ಎದೆಹಾಲು ಹಿಂಡಿ ಒಳಲೆಯಲ್ಲೋ ಚಮಚದಲ್ಲೋ ಸ್ವಲ್ಪ ಸ್ವಲ್ಪ ಕೊಟ್ಟು, ನಡುನಡುವೆ ತೇಗಿಸಿ. ವಾರಕ್ಕೊಮ್ಮೆ ಅಂಗನವಾಡಿಯಲ್ಲಿ ತೂಕ ಮಾಡಿಸಿ. ತೂಕ, ರಕ್ತ ಸಾಲದಿದ್ದರೆ ಆಪರೇಷನ್ ದಿನ ಮುಂದೆ ಹೋಗುತ್ತದೆ. ತಾಯಿ ಊಟ ಬಿಟ್ಟು ಅಳುತ್ತಾ ಕೂತಿದ್ದರೆ, ನಿದ್ದೆ ಹೋಗಿದ್ದರೆ, ಅವಳನ್ನೂ ಡಾಕ್ಟರಿಗೆ ತೋರಿಸಿ.

ಹೆಜ್ಜೆ 7: ಮುಂದಿನ ಬಸುರಿಗೆ ಮೊದಲು

ಒಂದು ಮಗುವಿಗೆ ಬೆನ್ನುಹುರಿ ಅಥವಾ ಮೆದುಳಿನ ದೋಷ ಇದ್ದಿದ್ದರೆ 400 ಮೈಕ್ರೋಗ್ರಾಂ ಸಾಲದು. ಅದರ ಹತ್ತು ಪಟ್ಟು, ಅಂದರೆ 4 ಮಿಲಿಗ್ರಾಂ ತೆಗೆದುಕೊಂಡ ತಾಯಂದಿರಲ್ಲಿ ಅದೇ ದೋಷ ಮರುಕಳಿಸುವುದು 72% ಕಡಿಮೆಯಾಯಿತು ಎಂದು 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಪ್ರಯೋಗ ತೋರಿಸಿತು. ನಮ್ಮಲ್ಲಿ ಸಾಮಾನ್ಯವಾಗಿ 5 ಮಿಲಿಗ್ರಾಂ ಮಾತ್ರೆ ಬರೆದುಕೊಡುತ್ತಾರೆ. ಅದನ್ನು ಗರ್ಭಕ್ಕೆ ಮೊದಲೇ, ಡಾಕ್ಟರ ಸಲಹೆಯಂತೆ ಶುರು ಮಾಡಿ. ಮಗು ಉಳಿಯದಿದ್ದರೂ ಅದರ ರಿಪೋರ್ಟ್‌ಗಳನ್ನು ಹರಿದು ಹಾಕಬೇಡಿ. ನೋಡಿದರೆ ದುಃಖ ಆಗುತ್ತದೆ ಅನ್ನುವುದಾದರೆ ಅಣ್ಣನ ಮನೆಯಲ್ಲೋ ಆಶಾ ಅಕ್ಕನ ಹತ್ತಿರವೋ ಇಟ್ಟಿರಿ. ಯಾವ ದೋಷ ಎಂದು ಹೆಸರು ಗೊತ್ತಿದ್ದರೆ ಮಾತ್ರ ಮುಂದಿನ ಮಗುವಿಗೆ ಎಷ್ಟು ಅಪಾಯ, ಯಾವ ವಾರದಲ್ಲಿ ಯಾವ ಪರೀಕ್ಷೆ ಮಾಡಬೇಕು ಎಂದು ಡಾಕ್ಟರ್ ಹೇಳಬಲ್ಲರು.